ಎಸ್.ಎಂ. ಪಂಡಿತ್ ಅವರ ಮುದ್ರಿತ ಚಿತ್ರಗಳು ಮತ್ತು ಪೇಟೆಯ ಗೋಡೆ: ಒಂದು ಜಾನಪದೀಯ ವಿವೇಚನೆ

1. ಪ್ರವೇಶ

ಹುಬ್ಬಳ್ಳಿಯ ದುರ್ಗದಬೈಲು, ಹೆಸರೇ ಸೂಚಿಸುವಂತೆ, ದುರ್ಗಕ್ಕೆ ಹೊಂದಿದ ಬಯಲು. ಇಂದು ಅದು ನಗರದ ಅತ್ಯಂತ ಜನನಿಬಿಡ ಪೇಟೆಗಳಲ್ಲಿ ಒಂದು. ಬಟ್ಟೆ, ಬಳೆ, ಪಾತ್ರೆ, ಕಿರಾಣಿ, ಪೂಜಾ ಸಾಮಗ್ರಿಗಳ ಅಂಗಡಿಗಳು ಅದರ ಸುತ್ತಲಿನ ಗಲ್ಲಿಗಳಲ್ಲಿ ಹರಡಿಕೊಂಡಿವೆ. ಇಂಥ ಯಾವುದೇ ಹಳೆಯ ಅಂಗಡಿಯಲ್ಲಿ ಯಜಮಾನನ ಗಾದಿಯ ಮೇಲಿನ ಗೋಡೆಯನ್ನು ಗಮನಿಸಿದರೆ ಅಲ್ಲಿ ಎರಡು ಬಗೆಯ ಪಟಗಳು ಕಾಣುತ್ತವೆ. ಮೊದಲನೆಯದು ಸಿದ್ಧಾರೂಢರಂಥ ಗುರುಗಳದು. 1929ರವರೆಗೆ ಬಾಳಿದ ಅವರ ಮುಖವನ್ನು ಕ್ಯಾಮರಾ ಕಂಡಿತ್ತು. ಎರಡನೆಯದು ಲಕ್ಷ್ಮಿ, ಶಿವ-ಪಾರ್ವತಿ, ರಾಧಾ-ಕೃಷ್ಣರದು. ಅವರ ಮುಖವನ್ನು ಯಾವ ಕ್ಯಾಮರಾವೂ ಕಂಡಿಲ್ಲ. ಆದರೂ ಆ ಮುಖಗಳು ಎಲ್ಲರಿಗೂ ಪರಿಚಿತ, ಎಲ್ಲ ಅಂಗಡಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರ.

ಒಂದು ಕಥೆ, ಒಂದು ಹಾಡು ಎಲ್ಲಿಂದ ಬಂತು, ಯಾರ ಬಾಯಿಂದ ಯಾರ ಬಾಯಿಗೆ ಸಾಗಿತು ಎಂಬುದನ್ನು ಜಾನಪದ ವಿದ್ವಾಂಸರು ಶ್ರದ್ಧೆಯಿಂದ ಶೋಧಿಸುತ್ತ ಬಂದಿದ್ದಾರೆ. ಗೋಡೆಯ ಮೇಲಿನ ಈ ಮುಖ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಪರೂಪವಾಗಿ ಕೇಳಿದ್ದೇವೆ. ಅದನ್ನು ಕೇಳಹೊರಟಾಗ ಎದುರಾಗುವ ಪ್ರಮುಖ ಹೆಸರುಗಳಲ್ಲಿ ಕಲಬುರಗಿಯ ಸಾಂಬಾನಂದ ಮೋನಪ್ಪ ಪಂಡಿತ್ (1916-1993) ಅವರದು ಒಂದು. ಇಂದು ನಾವು ಗ್ರಾಫಿಕ್ ಡಿಸೈನರ್ ಎಂದು ಕರೆಯುವ ವೃತ್ತಿಯನ್ನು ಅವರ ಕಾಲದಲ್ಲಿ ಕಮರ್ಷಿಯಲ್ ಆರ್ಟಿಸ್ಟ್ ಎಂಬ ಹೆಸರಿನಿಂದ ಗುರುತಿಸಲಾಗುತ್ತಿತ್ತು. ಆ ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಉಪೇಕ್ಷೆ ಇತ್ತು. ಪಂಡಿತ್ ಅವರ ಬದುಕು ಮತ್ತು ಕೃತಿಗಳನ್ನು ಪರಿಚಯಿಸುತ್ತ, ಅವರ ಪ್ರಭಾವವನ್ನು ಸಹಿ ಮಾಡಿದ ಮೂಲಕೃತಿಗಳಿಂದಷ್ಟೇ ಅಳೆಯಲಾಗದು, ಸಹಿ ಅಳಿದ ಪಾಠಾಂತರಗಳಿಂದಲೂ ಅಳೆಯಬೇಕು ಎಂಬ ವಿಚಾರವನ್ನು ಮಂಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬದುಕು: ಕಲಬುರಗಿಯಿಂದ ಮುಂಬಯಿಗೆ, ಮತ್ತೆ ಕಲಬುರಗಿಗೆ

ಪಂಡಿತ್ ಅವರು ಹುಟ್ಟಿದಾಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಮುಖ ಹೈದರಾಬಾದಿನ ಕಡೆಗಿದ್ದರೂ ರೈಲಿನ ಮುಖ ಮುಂಬಯಿಯ ಕಡೆಗಿತ್ತು. ಮುಂಬಯಿಯಿಂದ ಕಲಬುರಗಿಯ ಮೂಲಕ ರಾಯಚೂರಿಗೆ ಸಾಗುವ ರೈಲುಮಾರ್ಗ 1871ರಲ್ಲಿಯೇ ಪೂರ್ಣಗೊಂಡಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಂತೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಹೀಗಾಗಿ ಉತ್ತರ ಕರ್ನಾಟಕದಲ್ಲಿ ಚಿತ್ರ ಬರೆಯುವ ಕೈಚಳಕವಿದ್ದ ತರುಣರಿಗೆ ಮುಂಬಯಿಯೇ ಸಹಜವಾದ ಗುರಿಯಾಗಿತ್ತು. ಅದೇ ಕಾಲಘಟ್ಟದಲ್ಲಿ ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿ ಬೆಳೆಸಿದ ಕಲಾಶಾಲೆಯನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು.

ಕಲಬುರಗಿಯಲ್ಲಿ ಶಂಕರರಾವ್ ಆಳಂದಕರ ಅವರಿಂದ ಮೊದಲ ಪಾಠಗಳನ್ನು ಕಲಿತ ಪಂಡಿತ್ ಅವರು ಮದರಾಸಿನ ಕಲಾಶಾಲೆಯಲ್ಲಿ ಡಿಪ್ಲೊಮಾ ಪಡೆದರು. ಅನಂತರ ಮುಂಬಯಿಗೆ ತೆರಳಿ ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮುಂದುವರಿಸಿದರು. ಮುಂದೆ ಆಧುನಿಕ ಚಿತ್ರಕಲೆಯಲ್ಲಿ ಖ್ಯಾತರಾದ ಕೆ.ಕೆ. ಹೆಬ್ಬಾರರೂ ಇದೇ ಕಲಾಮಂದಿರದ ನಂಟು ಉಳ್ಳವರು. ಕರ್ನಾಟಕದ ಇಬ್ಬರು ಕಲಾವಿದರು ಒಂದೇ ಬಾಗಿಲಿನಿಂದ ಒಳಹೊಕ್ಕು, ಒಬ್ಬರು ಗ್ಯಾಲರಿಯ ದಾರಿಯನ್ನೂ ಇನ್ನೊಬ್ಬರು ಪೇಟೆಯ ದಾರಿಯನ್ನೂ ಹಿಡಿದದ್ದು ಗಮನಾರ್ಹ. ಕಲಾಚರಿತ್ರೆ ಮೊದಲನೆಯ ದಾರಿಯನ್ನು ವಿವರವಾಗಿ ದಾಖಲಿಸಿದೆ. ಎರಡನೆಯದಕ್ಕೆ ಅದರಲ್ಲಿ ದೊರೆತ ಪುಟಗಳು ಕೆಲವೇ.

ಪಂಡಿತ್ ಅವರು ಸರ್ ಜೆ.ಜೆ. ಕಲಾಶಾಲೆಯ ಶಿಕ್ಷಣವನ್ನೂ ಪಡೆದರು. ಗ್ಲ್ಯಾಡ್‌ಸ್ಟನ್ ಸಾಲೊಮನ್ ಅವರು ಆ ಶಾಲೆಯ ಮುಖ್ಯಸ್ಥರಾದ ಮೇಲೆ ಜೀವಂತ ರೂಪದರ್ಶಿಯನ್ನು ಎದುರಿಗಿಟ್ಟುಕೊಂಡು ಮಾನವದೇಹವನ್ನು ಅಭ್ಯಸಿಸುವ ತರಗತಿಗಳು ಅಲ್ಲಿ ನೆಲೆಗೊಂಡಿದ್ದವು. ಸ್ನಾಯು, ಮೂಳೆ, ಚರ್ಮದ ಮೇಲಿನ ಬೆಳಕು, ಮಡಿಕೆ ಬಿದ್ದ ಬಟ್ಟೆ ಇವುಗಳ ಅಭ್ಯಾಸವೇ ಮುಂದೆ ಪಂಡಿತ್ ಅವರ ಪೌರಾಣಿಕ ಚಿತ್ರಗಳ ತಳಹದಿಯಾಯಿತು.

ಅವರಿಗೆ ಹೆಸರು ತಂದದ್ದು ಚಲನಚಿತ್ರರಂಗ. 1938ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೆಟ್ರೊ ಚಿತ್ರಮಂದಿರಕ್ಕಾಗಿ, ಹಾಲಿವುಡ್‌ನ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳ ಷೋಕಾರ್ಡ್‌ಗಳನ್ನು ಅವರು ರಚಿಸಿದರು. ಬಾಬುರಾವ್ ಪಟೇಲರು 1935ರಲ್ಲಿ ಆರಂಭಿಸಿದ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳು ಅವರ ಕುಂಚವನ್ನು ದೇಶದ ಓದುಗರಿಗೆ ಪರಿಚಯಿಸಿದವು. ರಾಜ್ ಕಪೂರ್ ಅವರ ‘ಬರ್ಸಾತ್’ (1949) ಚಿತ್ರದ ಪ್ರಚಾರಕಲೆಯಲ್ಲಿಯೂ ಅವರ ಕೈವಾಡವಿತ್ತು. ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಸ್ಟುಡಿಯೋ ಹಲವು ಕಲಾವಿದರಿಗೆ ಗರಡಿಮನೆಯಾಯಿತು. ಮರಾಠಿ ಪತ್ರಿಕೆಗಳ ಮುಖಪುಟ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದ ರಘುವೀರ ಮುಳಗಾಂವಕರ ಅವರೂ ಆರಂಭದಲ್ಲಿ ಅಲ್ಲಿ ಕೆಲಸ ಮಾಡಿದವರು.

ಕ್ರಮೇಣ ಚಲನಚಿತ್ರದ ಕೆಲಸದಿಂದ ಪೌರಾಣಿಕ ವಸ್ತುಗಳ ಕಡೆಗೆ ಹೊರಳಿದ ಪಂಡಿತ್ ಅವರು ರಾಮಾಯಣ-ಮಹಾಭಾರತಗಳ ಪ್ರಸಂಗಗಳು, ನಳ-ದಮಯಂತಿ, ವಿಶ್ವಾಮಿತ್ರ-ಮೇನಕೆ, ರಾಧಾ-ಕೃಷ್ಣ ಮೊದಲಾದ ಚಿತ್ರಗಳನ್ನು ಬರೆದರು. ಇವು ಕ್ಯಾಲೆಂಡರುಗಳ ಮೂಲಕ ಮನೆಮನೆಗೆ ತಲುಪಿದವು. 1960ರ ದಶಕದ ಉತ್ತರಾರ್ಧದಲ್ಲಿ ಅವರು ಕಲಬುರಗಿಗೆ ಮರಳಿದರು. 1978ರಲ್ಲಿ ಲಂಡನ್ನಿನಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. 1993ರಲ್ಲಿ ಅವರು ನಿಧನರಾದರು. ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇಂದು ಅವರ ಹೆಸರನ್ನು ಉಳಿಸಿದೆ. ಆ ರಂಗಮಂದಿರದಲ್ಲಿ ಹೆಸರು ಇದೆ, ಚಿತ್ರದ ನೆನಪು ಕಡಿಮೆ. ಪೇಟೆಯ ಗೋಡೆಯಲ್ಲಿ ಚಿತ್ರದ ಛಾಯೆ ಇದೆ, ಹೆಸರಿಲ್ಲ. ಪಂಡಿತ್ ಅವರ ಸಾಧನೆಯನ್ನು ಅರಿಯಬೇಕಾದರೆ ಈ ಎರಡನ್ನೂ ಜೋಡಿಸಿ ನೋಡಬೇಕಾಗುತ್ತದೆ.

3. ಷೋಕಾರ್ಡ್‌ನಿಂದ ಕ್ಯಾಲೆಂಡರಿಗೆ: ರಚನೆಯ ವ್ಯಾಕರಣ

ಪೋಸ್ಟರ್ ಮತ್ತು ಷೋಕಾರ್ಡ್‌ಗಳ ನಡುವಣ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪೋಸ್ಟರ್ ಬೀದಿಯ ಗೋಡೆಗೆ ಅಂಟಿಸುವ ಮುದ್ರಿತ ಹಾಳೆ. ನಡೆದುಹೋಗುವವನು ದೂರದಿಂದ ಒಂದು ಕ್ಷಣ ನೋಡುತ್ತಾನೆ. ಷೋಕಾರ್ಡ್ ಚಿತ್ರಮಂದಿರದ ಒಳಾಂಗಣದಲ್ಲಿ ಗಾಜಿನ ಹಿಂದೆ ಇಡುವ ದಪ್ಪ ರಟ್ಟು. ಟಿಕೇಟಿಗಾಗಿ ನಿಂತವನು ಹತ್ತಿರದಿಂದ, ಬಿಡುವಾಗಿ ನೋಡುತ್ತಾನೆ. ಆದ್ದರಿಂದ ಷೋಕಾರ್ಡ್‌ಗೆ ಪೋಸ್ಟರಿನ ಸೆಳೆತವೂ ಬೇಕು, ಭಾವಚಿತ್ರದ ಸೂಕ್ಷ್ಮತೆಯೂ ಬೇಕು. ಪಂಡಿತ್ ಅವರು ಪಳಗಿದ್ದು ಈ ಎರಡು ಬೇಡಿಕೆಗಳ ನಡುವೆ.

ಅವರ ಮಾಧ್ಯಮ ಹೆಚ್ಚಾಗಿ ಗ್ವಾಷ್, ಅಂದರೆ ನೀರಿನಲ್ಲಿ ಕಲಸುವ ಅಪಾರದರ್ಶಕ ಬಣ್ಣ. ಈ ಬಣ್ಣ ಬೇಗ ಒಣಗುತ್ತದೆ. ಹೊಳಪಿಲ್ಲದ ಕಾರಣ ಛಾಯಾಚಿತ್ರ ತೆಗೆದು ಅಚ್ಚಿನ ಫಿಲ್ಮ್ ತಯಾರಿಸಲು ಅನುಕೂಲ. ಆದರೆ ಒಣಗಿದ ಮೇಲೆ ಬಣ್ಣದ ಛಾಯೆ ಬದಲಾಗುವುದರಿಂದ ಚರ್ಮದಂಥ ಮೃದುವಾದ ಮೇಲ್ಮೈಯನ್ನು ಅದರಲ್ಲಿ ಮೂಡಿಸುವುದು ಕಷ್ಟ. ಈ ಕಷ್ಟದ ಮಾಧ್ಯಮದಲ್ಲಿ ಎಣ್ಣೆಬಣ್ಣದ ಸೊಗಸನ್ನು ತಂದದ್ದು ಅವರ ತಾಂತ್ರಿಕ ಸಿದ್ಧಿ.

ಎರಡನೆಯದು ಬೆಳಕು. ರಾಜಾ ರವಿವರ್ಮರ (1848-1906) ದೇವತೆಗಳ ಮೇಲೆ ಬೀಳುವುದು ಕೋಣೆಯ ಕಿಟಕಿಯಿಂದಲೋ ತೋಟದಿಂದಲೋ ಬರುವ ಸಹಜ ಬೆಳಕು. ಪಂಡಿತ್ ಅವರ ದೇವತೆಗಳ ಮೇಲೆ ಬೀಳುವುದು ಸಿನಿಮಾ ಸ್ಟುಡಿಯೋದ ಬೆಳಕು. ಮುಂದಿನಿಂದ ಒಂದು ಮುಖ್ಯ ದೀಪ, ನೆರಳನ್ನು ತಿಳಿಗೊಳಿಸಲು ಪಕ್ಕದಿಂದ ಇನ್ನೊಂದು, ಕೂದಲು ಮತ್ತು ಭುಜದ ಅಂಚು ಹೊಳೆಯುವಂತೆ ಹಿಂದಿನಿಂದ ಮೂರನೆಯದು. ಇದು ಹಾಲಿವುಡ್ ರೂಢಿಗೆ ತಂದ ಕ್ರಮ. ಪ್ರಾಚೀನ ಪ್ರತಿಮಾಲಕ್ಷಣದಲ್ಲಿ ದೇವರ ತಲೆಯ ಹಿಂದೆ ಪ್ರಭಾವಳಿ ಇರುತ್ತಿತ್ತು. ಪಂಡಿತ್ ಅವರ ಚಿತ್ರಗಳಲ್ಲಿ ಪ್ರಭೆ ದೇಹದಿಂದಲೇ ಹೊಮ್ಮುವಂತೆ ಕಾಣುತ್ತದೆ. ನಟಿಗೆ ಹಾಕಿದ ದೀಪ ದೇವಿಗೆ ತೇಜಸ್ಸಾಯಿತು ಎಂದರೆ ತಪ್ಪಾಗಲಾರದು.

ಮೂರನೆಯದು ವಿನ್ಯಾಸ. ಕ್ಯಾಲೆಂಡರಿನ ಹಾಳೆಯಲ್ಲಿ ಮೂರು ಪಾಲು: ಮೇಲೆ ಚಿತ್ರ, ಅದರ ಕೆಳಗೆ ವ್ಯಾಪಾರಿಯ ಹೆಸರು, ಕೊನೆಗೆ ತಾರೀಖಿನ ಕಟ್ಟು. ಆಕೃತಿ ಚೌಕಟ್ಟನ್ನು ತುಂಬಬೇಕು. ಮುಖ ಮತ್ತು ಕೈ ಎದ್ದು ಕಾಣಬೇಕು. ಅಂಗಡಿಯ ಆಚೆ ನಿಂತ ಗಿರಾಕಿಗೂ ಪ್ರಸಂಗ ಯಾವುದೆಂದು ಹೊಳೆಯಬೇಕು. ಪಂಡಿತ್ ಅವರು ಕಥೆಯ ಒಂದೇ ಕ್ಷಣವನ್ನು ಆಯ್ದು, ಎರಡು ಮೂರು ಆಕೃತಿಗಳಲ್ಲಿ ಅದನ್ನು ಹಿಡಿದು, ಹಿನ್ನೆಲೆಯನ್ನು ಮೋಡ, ಬೆಟ್ಟ, ನೀರುಗಳಲ್ಲಿ ಕರಗಿಸುವ ಕ್ರಮವನ್ನು ರೂಢಿಸಿಕೊಂಡರು. ಇದು ಚಿತ್ರಕಾರನ ಗುಣ ಎನ್ನುವಷ್ಟೇ ವಿನ್ಯಾಸಕಾರನ ಗುಣವೂ ಹೌದು.

4. ಪ್ರಸರಣ: ದುರ್ಗದಬೈಲಿನ ನಿದರ್ಶನ

ಕಲಾವಿದನ ಸ್ಟುಡಿಯೋದಿಂದ ಪೇಟೆಯ ಗೋಡೆಯವರೆಗೆ ಚಿತ್ರ ಸಾಗುವ ದಾರಿಯನ್ನು ಈಗ ನೋಡಬಹುದು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಲ್ಲಿ ಕಲ್ಲಚ್ಚಿನ ಒಲಿಯೊಗ್ರಾಫ್‌ಗಳು ಸಿದ್ಧವಾಗುತ್ತಿದ್ದವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಹದಗೊಳಿಸಬೇಕಾಗಿದ್ದ ಈ ವಿಧಾನ ದುಬಾರಿಯೂ ನಿಧಾನವೂ ಆಗಿತ್ತು. ನಾಲ್ಕು ಬಣ್ಣಗಳ ಆಫ್‌ಸೆಟ್ ಮುದ್ರಣ ಬಂದ ಮೇಲೆ ಪಟದ ಬೆಲೆ ಇಳಿಯಿತು. ತಮಿಳುನಾಡಿನ ಶಿವಕಾಶಿ ಈ ಉದ್ಯಮದ ಕೇಂದ್ರವಾಗಿ ಬೆಳೆಯಿತು.

ಅಲ್ಲಿ ಚಿತ್ರಗಳು ವ್ಯಾಪಾರಿಯ ಹೆಸರಿಲ್ಲದ ಹಾಳೆಗಳಾಗಿ ಅಚ್ಚಾಗುತ್ತವೆ. ವರ್ಷದ ಉತ್ತರಾರ್ಧದಲ್ಲಿ ಏಜೆಂಟರು ಮಾದರಿಗಳ ಆಲ್ಬಮ್ಮನ್ನು ಹಿಡಿದು ಪೇಟೆಪೇಟೆಗೆ ಬರುತ್ತಾರೆ. ವ್ಯಾಪಾರಿ ತನಗೆ ಒಪ್ಪುವ ಚಿತ್ರವನ್ನು ಆರಿಸುತ್ತಾನೆ. ಅಂಗಡಿಯ ಹೆಸರು, ಸ್ಥಳ, ದೂರವಾಣಿ ಸಂಖ್ಯೆಗಳು ಆಮೇಲೆ ಕನ್ನಡದಲ್ಲಿ ಅಚ್ಚಾಗುತ್ತವೆ. ಹೀಗೆ ಹೊರಗಿನಿಂದ ಬಂದ ಚಿತ್ರಕ್ಕೆ ದುರ್ಗದಬೈಲಿನ ವಿಳಾಸ ಸೇರಿಕೊಂಡು ಅದು ಊರಿನದಾಗುತ್ತದೆ. ಈ ಆಯ್ಕೆಯಲ್ಲಿ ಒಂದು ಕ್ರಮವಿರುವುದನ್ನು ಕಾಣಬಹುದು. ಬಂಗಾರದ ಅಂಗಡಿಗೆ ಲಕ್ಷ್ಮಿ ಸಹಜ. ಹಲವು ಮತಧರ್ಮಗಳ ಗಿರಾಕಿಗಳಿರುವವರು ನಿಸರ್ಗದೃಶ್ಯವನ್ನೋ ಮಗುವಿನ ಚಿತ್ರವನ್ನೋ ಆರಿಸಿಕೊಳ್ಳುವುದುಂಟು. ಜಾನಪದದಲ್ಲಿ ಹಾಡುಗಾರ ಕೇಳುಗರನ್ನು ನೋಡಿ ಹಾಡನ್ನು ಆರಿಸುವಂತೆ ಇಲ್ಲಿ ವ್ಯಾಪಾರಿ ಗಿರಾಕಿಯನ್ನು ನೋಡಿ ಚಿತ್ರವನ್ನು ಆರಿಸುತ್ತಾನೆ.

ಮನೆ ಸೇರಿದ ಕ್ಯಾಲೆಂಡರಿನ ಬಾಳನ್ನು ನಾಲ್ಕು ಹಂತಗಳಲ್ಲಿ ಗುರುತಿಸಬಹುದು. ಮೊದಲು ಅದು ಉಡುಗೊರೆ. ದೀಪಾವಳಿಯ ಹೊತ್ತಿಗೋ ಹೊಸ ವರ್ಷಕ್ಕೋ ಖಾಯಂ ಗಿರಾಕಿಗೆ ಸಲ್ಲುವ ಮರ್ಯಾದೆ. ಎರಡನೆಯದಾಗಿ ಅದು ದಿನಚರಿ. ತಾರೀಖಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಚೀಟಿಯ ಕಂತುಗಳು ದಾಖಲಾಗುತ್ತವೆ. ಮೂರನೆಯ ಹಂತದಲ್ಲಿ ವರ್ಷ ಮುಗಿದು ತಾರೀಖಿನ ಭಾಗ ಕತ್ತರಿಸಿಹೋಗುತ್ತದೆ. ಚಿತ್ರ ಗಾಜಿನ ಕಟ್ಟಿನೊಳಗೆ ಸೇರಿ ದೇವರ ಜಗಲಿಯನ್ನು ಏರುತ್ತದೆ. ಗಾಜಿನ ಮೇಲೆ ಅರಿಷಿಣ, ಕುಂಕುಮ, ವಿಭೂತಿಗಳ ಗುರುತು ಬೀಳುತ್ತದೆ. ಕೊನೆಯ ಹಂತದಲ್ಲಿ ಬಣ್ಣ ಮಾಸುತ್ತದೆ. ಆಗ ಅದನ್ನು ಕಸಕ್ಕೆ ಎಸೆಯಲು ಮನಸ್ಸು ಒಪ್ಪುವುದಿಲ್ಲ. ಹರಿಯುವ ನೀರಿನಲ್ಲಿ ಬಿಡುತ್ತಾರೆ, ಇಲ್ಲವೇ ಅರಳಿಯ ಕಟ್ಟೆಯ ಮೇಲೆ ಒರಗಿಸಿ ಬರುತ್ತಾರೆ.

ಈ ನಾಲ್ಕು ಹಂತಗಳಲ್ಲಿ ಎಲ್ಲಿಯೂ ಪುರೋಹಿತನಿಲ್ಲ, ಪ್ರತಿಷ್ಠೆಯ ಮಂತ್ರವಿಲ್ಲ. ಜಾಹೀರಾತಿನ ಹಾಳೆಯನ್ನು ದೇವರಾಗಿಸಿದ್ದು ಗೃಹಿಣಿಯ ನಿತ್ಯದ ಕೈ. ವಸ್ತುವೊಂದು ಬಳಕೆಯಿಂದ ಪವಿತ್ರವಾಗುವ ಈ ಕ್ರಿಯೆ ಜಾನಪದ ಅಧ್ಯಯನದ ಕೇಂದ್ರವಸ್ತುವೇ ಆಗಿದೆ. ಆದುದರಿಂದ ಕ್ಯಾಲೆಂಡರ್ ಕಾರ್ಖಾನೆಯ ಉತ್ಪನ್ನ, ಜಾನಪದಕ್ಕೆ ಅದು ಸಲ್ಲದು ಎಂಬ ವಾದ ನಿಲ್ಲುವುದಿಲ್ಲ. ಹುಟ್ಟಿನಲ್ಲಿ ಅದು ಕಾರ್ಖಾನೆಯದಾದರೂ ಬಾಳಿನಲ್ಲಿ ಜನಪದರದು.

5. ಪಾಠಾಂತರ ಮತ್ತು ಅನಾಮಿಕತೆ

ಹಸ್ತಪ್ರತಿಗಳನ್ನು ಅಭ್ಯಸಿಸುವವರು ಪಾಠಾಂತರಗಳಿಗೆ ಮಹತ್ವ ಕೊಡುತ್ತಾರೆ. ಲಿಪಿಕಾರ ಎಲ್ಲಿ ಬಿಟ್ಟ, ಎಲ್ಲಿ ಸೇರಿಸಿದ, ಎಲ್ಲಿ ತಪ್ಪಾಗಿ ಓದಿದ ಎಂಬುದರಿಂದ ಪ್ರತಿಗಳ ವಂಶಾವಳಿ ಸಿದ್ಧವಾಗುತ್ತದೆ. ಮುದ್ರಿತ ಚಿತ್ರಗಳಿಗೂ ಈ ವಿಧಾನ ಅನ್ವಯಿಸುತ್ತದೆ. ಜನಪ್ರಿಯವಾದ ಒಂದು ಚಿತ್ರದ ಪ್ರತಿಯನ್ನು ಮತ್ತೊಬ್ಬರು ಛಾಯಾಚಿತ್ರ ತೆಗೆದು ಅಚ್ಚು ಹಾಕುತ್ತಾರೆ. ಆಗ ಅಂಚು ಕತ್ತರಿಸಿಹೋಗಿ ಮೂಲೆಯಲ್ಲಿದ್ದ ಸಹಿ ಕಾಣೆಯಾಗುತ್ತದೆ. ಫಿಲ್ಮ್ ತಿರುವುಮುರುವಾದರೆ ದೇವಿಯ ಅಭಯಹಸ್ತ ಬಲದಿಂದ ಎಡಕ್ಕೆ ಹೊರಳುತ್ತದೆ. ಸೀರೆಯ ಬಣ್ಣ ಬದಲಾಗುತ್ತದೆ. ಒಂದು ಚಿತ್ರದ ಮುಖ ಇನ್ನೊಂದರ ದೇಹಕ್ಕೆ ಸೇರುತ್ತದೆ, ಹಿನ್ನೆಲೆಯ ಕೈಲಾಸ ಜಲಪಾತವಾಗುತ್ತದೆ. ಇಂಥ ಪ್ರತಿಯೊಂದು ದೋಷವೂ ಸಂಶೋಧಕನಿಗೆ ಸುಳಿವು. ಎರಡು ಪಟಗಳಲ್ಲಿ ಒಂದೇ ದೋಷವಿದ್ದರೆ ಅವು ಒಂದೇ ಮಾತೃಕೆಯಿಂದ ಬಂದವು ಎಂದು ಊಹಿಸಲು ಆಧಾರ ದೊರೆಯುತ್ತದೆ.

ಚಿತ್ರ ಕಾಗದವನ್ನು ದಾಟಿಯೂ ಸಾಗುತ್ತದೆ. ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಲಾರಿಯ ಹಣೆಗೆ ದೇವರನ್ನು ಬರೆಯುವ ಪೇಂಟರ್, ಕಂಪನಿ ನಾಟಕದ ಪರದೆ ಬರೆಯುವ ಕಲಾವಿದ, ಗಣೇಶೋತ್ಸವದ ಮಂಟಪಕ್ಕೆ ಪೌರಾಣಿಕ ರೂಪಕಗಳನ್ನು ಸಜ್ಜುಗೊಳಿಸುವವನು, ಇವರೆಲ್ಲ ಈ ಸರಣಿಯ ಮುಂದಿನ ಕೊಂಡಿಗಳು. ಹೋಳಿಹುಣ್ಣಿಮೆಯಲ್ಲಿ ಹುಬ್ಬಳ್ಳಿಯ ಓಣಿಗಳಲ್ಲಿ ಕೂರಿಸುವ ರತಿ-ಕಾಮಣ್ಣರ ಮೂರ್ತಿಗಳನ್ನೇ ತೆಗೆದುಕೊಳ್ಳಬಹುದು. ಹಳೆಯ ಕಟ್ಟಿಗೆಯ ಕಾಮಣ್ಣನ ಅಗಲವಾದ ಕಣ್ಣು, ಬಿಗಿಯಾದ ನಿಲುವು ಒಂದು ಪರಂಪರೆಗೆ ಸೇರಿವೆ. ನೇರವಾಗಿ ನೋಡುಗನನ್ನು ದಿಟ್ಟಿಸುವುದು ಆ ಮೂರ್ತಿಗಳ ಲಕ್ಷಣ. ಇತ್ತೀಚಿನ ಮೂರ್ತಿಗಳಲ್ಲಿ ಪರಸ್ಪರ ವಾಲಿದ ಭಂಗಿ, ಅರೆಗಣ್ಣಿನ ನೋಟ, ಜಾರುವ ಉತ್ತರೀಯಗಳು ಕಾಣಿಸಿಕೊಳ್ಳುತ್ತವೆ. ಇದು ಷೋಕಾರ್ಡ್‌ಗಳ ನಾಯಕ-ನಾಯಕಿಯರ ಭಂಗಿ. ಕ್ಯಾಲೆಂಡರಿನ ದಾರಿಯಿಂದ ಅದು ಓಣಿಯ ಹಬ್ಬದವರೆಗೆ ಬಂದಿದೆ. ಈ ಮೂರ್ತಿಕಾರರು ಪಂಡಿತ್ ಅವರ ಮೂಲಚಿತ್ರವನ್ನು ನೋಡಿರಬೇಕೆಂದಿಲ್ಲ. ಗಾದೆಯನ್ನು ಆಡುವವನಿಗೆ ಅದನ್ನು ಕಟ್ಟಿದವನ ಪರಿಚಯ ಬೇಕಿಲ್ಲ. ಕರ್ತೃವಿನ ಹೆಸರು ಅಳಿದು ಕೃತಿ ಸಮುದಾಯದ ಸೊತ್ತಾಗುವ ಪ್ರಕ್ರಿಯೆಯನ್ನು ನಾವು ಸಾಮಾನ್ಯವಾಗಿ ಬಹುದೂರದ ಗತಕಾಲಕ್ಕೆ ಸೇರಿಸುತ್ತೇವೆ. ಇಲ್ಲಿ ಅದು ಒಂದು ತಲೆಮಾರಿನಲ್ಲಿ, ನಮ್ಮ ಕಣ್ಣೆದುರಿನಲ್ಲಿಯೇ ನಡೆದಿದೆ.

6. ಏಕರೂಪತೆಯ ಆಕ್ಷೇಪ

ಮುದ್ರಿತ ಪಟದ ವಿರುದ್ಧ ಗಂಭೀರವಾದ ಆಕ್ಷೇಪವೊಂದಿದೆ. ಅದು ಸ್ಥಳೀಯ ರೂಪಗಳನ್ನು ಅಳಿಸಿ ಎಲ್ಲೆಡೆ ಒಂದೇ ಮುಖವನ್ನು ಹರಡಿತು ಎಂಬುದೇ ಆ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಿನ್ನಾಳದ ಚಿತ್ರಗಾರರ ಕಟ್ಟಿಗೆಯ ಮೂರ್ತಿಗಳು, ಪಂಡಿತ್ ಅವರ ಊರಿಗೆ ಸಮೀಪವೇ ಬೆಳಗಿದ ಸುರಪುರದ ಚಿತ್ರಶೈಲಿ, ತೊಗಲುಗೊಂಬೆಗಳ ಪಕ್ಕನೋಟದ ಮುಖಗಳು, ದೊಡ್ಡಾಟದ ಭುಜಕೀರ್ತಿ-ಕಿರೀಟಗಳು ಇವೆಲ್ಲ ದೇವರನ್ನು ಕಾಣುವ ಬೇರೆ ಬೇರೆ ಬಗೆಗಳು. ಅಗ್ಗದ ಪಟ ಸ್ಥಳೀಯ ಚಿತ್ರಗಾರರ ಗಿರಾಕಿಗಳನ್ನು ಸೆಳೆದುಕೊಂಡಿತು ಎಂಬ ಮಾತಿನಲ್ಲಿ ಸತ್ಯವಿದೆ. ಮೈಬಣ್ಣದ ಪ್ರಶ್ನೆಯೂ ಇಲ್ಲಿದೆ. ಜನಪದರ ದೇವತೆಗಳಲ್ಲಿ ಕಪ್ಪು ಕಲ್ಲಿನ, ಕೆಂಪು ಬಳಿದ ಮುಖಗಳಿವೆ. ಕ್ಯಾಲೆಂಡರಿನ ದೇವಿಯಾದರೋ ಬಹುತೇಕ ಗೌರವರ್ಣೆ. ಸಿನಿಮಾ ನಟಿಯ ಸೌಂದರ್ಯದ ಅಳತೆಗೋಲು ದೇವತೆಗೂ ಅನ್ವಯವಾದಾಗ ಯಾವ ಮೈಬಣ್ಣ ಪೂಜ್ಯ ಎಂಬ ತೀರ್ಪು ಸದ್ದಿಲ್ಲದೆ ಮನೆಯೊಳಗೆ ಬರುತ್ತದೆ.

ಆದರೆ ಜನಪದರು ಇದನ್ನು ಪೂರ್ತಿಯಾಗಿ ಒಪ್ಪಿ ಸುಮ್ಮನಾಗಿಲ್ಲ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಬಾದಾಮಿಯ ಬನಶಂಕರಿಯರ ಪಟಗಳಲ್ಲಿ ಎರಡು ಧಾರೆಗಳು ಉಳಿದುಬಂದಿವೆ. ಒಂದು ಚಿತ್ರಕಾರ ಕಲ್ಪಿಸಿದ ಸೌಮ್ಯಮುಖಿ ದೇವಿ. ಇನ್ನೊಂದು ಗುಡಿಯ ಮೂಲಮೂರ್ತಿಯ ಛಾಯಾಚಿತ್ರ. ಹರಕೆ, ಜಾತ್ರೆಗಳ ಸಂದರ್ಭದಲ್ಲಿ ಭಕ್ತರಿಗೆ ಬೇಕಾಗುವುದು ಎರಡನೆಯದು. ಜೋಗತಿ ತಲೆಯ ಮೇಲೆ ಹೊರುವ ಎಲ್ಲಮ್ಮನ ಲೋಹದ ಮುಖವನ್ನು ಯಾವ ಕ್ಯಾಲೆಂಡರೂ ಬದಲಿಸಿಲ್ಲ. ಆಚರಣೆ ಗಟ್ಟಿಯಾಗಿರುವಲ್ಲಿ ಸ್ಥಳೀಯ ರೂಪ ಉಳಿದಿದೆ, ಆಚರಣೆ ಸಡಿಲವಾದಲ್ಲಿ ಮುದ್ರಿತ ರೂಪ ನುಗ್ಗಿದೆ ಎಂದು ಸ್ಥೂಲವಾಗಿ ಹೇಳಬಹುದು. ಗುಡಿಯ ಗರ್ಭಗೃಹದವರೆಗೆ ಪ್ರವೇಶವಿಲ್ಲದಿದ್ದ ಸಮುದಾಯಗಳ ಮನೆಗೂ ಅಗ್ಗದ ಪಟ ದೇವರನ್ನು ತಂದಿತು ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕಾಗುತ್ತದೆ. ಆದ್ದರಿಂದ ಪಂಡಿತ್ ಅವರ ಪ್ರಭಾವವನ್ನು ಕೇವಲ ಲಾಭವೆಂದೋ ಕೇವಲ ನಷ್ಟವೆಂದೋ ತೀರ್ಮಾನಿಸುವುದು ಯುಕ್ತವಲ್ಲ.

7. ಸಮಾರೋಪ: ಸಂಗ್ರಹದ ಅಗತ್ಯ

ಮೇಲಿನ ವಿವೇಚನೆಯಿಂದ ಒಂದು ಪ್ರಾಯೋಗಿಕ ತೀರ್ಮಾನ ಹೊರಡುತ್ತದೆ. ಪಂಡಿತ್ ಅವರ ಎಣ್ಣೆಬಣ್ಣದ ಮೂಲಕೃತಿಗಳಿಗೆ ಸಂಗ್ರಾಹಕರಿದ್ದಾರೆ, ಮಾರುಕಟ್ಟೆಯೂ ಇದೆ. ಅವರ ಪ್ರಭಾವಕ್ಕೆ ನಿಜವಾದ ಸಾಕ್ಷಿಯಾದ ಅಗ್ಗದ ಹಾಳೆಗಳನ್ನು ಕೂಡಿಡುವವರು ಮಾತ್ರ ಕಡಿಮೆ. ವರ್ಷಕ್ಕೊಮ್ಮೆ ಕಳಚಿ ಇಡುವುದೇ ಕ್ಯಾಲೆಂಡರಿನ ಸ್ವಭಾವ. ಪವಿತ್ರವೆಂದು ನೀರಿಗೆ ಬಿಟ್ಟರೂ ಹಳೆಯದೆಂದು ರದ್ದಿಗೆ ಹಾಕಿದರೂ ಅದರ ಅಂತ್ಯ ನಾಶವೇ. ತಾರೀಖನ್ನು ಮೊಬೈಲಿನಲ್ಲಿ ನೋಡುವ ರೂಢಿ ಬೆಳೆದಂತೆ ಗೋಡೆಯ ಕ್ಯಾಲೆಂಡರಿನ ಅಗತ್ಯವೇ ಕುಗ್ಗುತ್ತಿದೆ. ಹಳೆಯ ಅಂಗಡಿಗಳು ನವೀಕರಣಗೊಂಡು ಗೋಡೆಗಳು ಬದಲಾದಾಗ ಹಲವು ದಶಕಗಳ ಪಟಗಳು ಒಂದೇ ದಿನದಲ್ಲಿ ಹೊರಬೀಳುತ್ತವೆ.

ರಾಮನಗರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯಗಳು ಬೀಸುವ ಕಲ್ಲಿನಿಂದ ತೊಗಲುಗೊಂಬೆಯವರೆಗೆ ಕೈಕಸುಬಿನ ವಸ್ತುಗಳನ್ನು ಜತನದಿಂದ ಕಾಪಾಡಿವೆ. ಮುದ್ರಿತ ಪಟಗಳ ವ್ಯವಸ್ಥಿತ ಸಂಗ್ರಹಕ್ಕೂ ಇದೇ ಮಹತ್ವ ದೊರೆಯಬೇಕು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹುಬ್ಬಳ್ಳಿಗೆ ಸಮೀಪದಲ್ಲಿದ್ದು, ಇಂಥ ಕಾರ್ಯಕ್ಕೆ ಯೋಗ್ಯ ನೆಲೆಯಾಗಬಲ್ಲದು. ಪಟವೊಂದನ್ನು ಸಂಗ್ರಹಿಸುವಾಗ ಸಹಿ, ಮುದ್ರಣಾಲಯ, ವರ್ಷ, ವ್ಯಾಪಾರಿಯ ಹೆಸರಿನ ಸಾಲು, ದೊರೆತ ಸ್ಥಳ, ಹಿಂಬದಿಯ ಬರೆಹ ಇವುಗಳನ್ನು ದಾಖಲಿಸಬೇಕು. ಕುಂಕುಮದ ಕಲೆಯನ್ನು ಕೊಳೆಯೆಂದು ಒರೆಸಿಹಾಕಬಾರದು. ಪಟದ ಬಾಳನ್ನು ತಿಳಿಸುವ ದಾಖಲೆ ಅದೇ. ಕಟ್ಟು ಹಾಕುವವರು,  ಪರದೆ ಬರೆದವರು, ಫಲಕದ ಪೇಂಟರುಗಳ ಅನುಭವಕಥನಗಳನ್ನು ಧ್ವನಿಮುದ್ರಿಸಬೇಕು.

ಕಲಾಚರಿತ್ರೆ ಪಂಡಿತ್ ಅವರನ್ನು ಪೇಟೆಯವರೆಂದು ಬದಿಗಿಟ್ಟಿತು, ಜಾನಪದ ಅಧ್ಯಯನ ಅವರನ್ನು ಹೆಸರುಳ್ಳ ವೃತ್ತಿಕಲಾವಿದರೆಂದು ಬದಿಗಿಟ್ಟಿತು. ಇವೆರಡರ ನಡುವೆ ಅವರ ಚಿತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತ, ಲಕ್ಷಾಂತರ ಜನರ ಮನಸ್ಸಿನಲ್ಲಿ ದೇವರಿಗೆ ಒಂದು ಮುಖವನ್ನು ಕೊಟ್ಟಿತು. ಆ ಮುಖ ಹೇಗೆ ರೂಪುಗೊಂಡಿತು, ಯಾವ ಮುಖಗಳನ್ನು ಹಿಂದೆ ಸರಿಸಿತು, ಯಾವುದರ ಎದುರು ತಾನೇ ಹಿಂದೆ ಸರಿಯಿತು ಎಂಬ ಪ್ರಶ್ನೆಗಳಿಗೆ ಉತ್ತರ ದುರ್ಗದಬೈಲಿನಂಥ ಪೇಟೆಗಳ ಗೋಡೆಗಳ ಮೇಲೆ ಇನ್ನೂ ಅಷ್ಟಿಷ್ಟು ಉಳಿದಿದೆ. ಗೋಡೆಗಳಿಗೆ ಹೊಸ ಬಣ್ಣ ಬೀಳುವ ಮೊದಲೇ ಅದನ್ನು ಓದಿ ದಾಖಲಿಸುವ ಹೊಣೆ ಸಂಶೋಧಕರದು.